ಗುಜರಿಗೆ ಬಂದ ಪವರ್ ಕಂಡೀಷನರನ್ನು ಹ್ಯಾಮ್ ಸ್ಟೇಷನ್ನಿನಲ್ಲಿ ಬಳಸುವುದು ಹೇಗೆ

ಹಳೇ ಕಂಪ್ಯೂಟರ್ ಕೋಣೆ, ಪ್ರಯೋಗಾಲಯ, ಮುದ್ರಣ ಘಟಕ ಇಂಥ ಕಡೆ ಸಾಮಾನು ಖಾಲಿ ಮಾಡುವಾಗ ಬೂದು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ಮೂಲೆಯಲ್ಲಿ ಉಳಿದುಬಿಡುತ್ತದೆ. ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ. ಮೇಲೆ ಪವರ್ ಕಂಡೀಷನರ್ ಅಂತಲೋ ಲೈನ್ ಕಂಡೀಷನರ್ ಅಂತಲೋ ಬರೆದಿರುತ್ತದೆ. ಕರೆಂಟಿನ ಗದ್ದಲ, ಸರ್ಜು ಇಂಥವನ್ನು ತಡೆದು ಯಂತ್ರವನ್ನು ಕಾಯುವ ಪೆಟ್ಟಿಗೆ ಇದು. ಅದು ಕಾಯುತ್ತಿದ್ದ ಯಂತ್ರ ಎಂದೋ ಗುಜರಿ ಸೇರಿದೆ. ಪೆಟ್ಟಿಗೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಯಾಕೆಂದರೆ ಅದರೊಳಗೆ ಬಹುಪಾಲು ಇರುವುದು ತಾಮ್ರ ಮತ್ತು ಕಬ್ಬಿಣ. ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೋ ಸ್ಟೇಷನ್ ನಡೆಸುವವರಿಗೆ, ಇದು ಬಹಳ ಒಳ್ಳೆಯ ಸಾಮಾನು. ಆದರೆ ತಂದು ಸುಮ್ನೆ ಪ್ಲಗ್ ಹಾಕಿದರೆ ಅರ್ಧ ಲಾಭವೂ ಸಿಗುವುದಿಲ್ಲ, ಕೆಲವೊಮ್ಮೆ ಅಪಾಯವೂ ಆಗುತ್ತದೆ. ಇಂಥ ನಾಲ್ಕೈದು ಪೆಟ್ಟಿಗೆಗಳನ್ನು ಬಿಚ್ಚಿ, ಸರಿಮಾಡಿ, ಬಳಸಿದ ಮೇಲೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗದ್ದಲ ಯಾವ ದಾರಿಯಲ್ಲಿ ಬರುತ್ತಿದೆ ನೋಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಡೀಷನರ್ ತಡೆಯುವುದು ಕರೆಂಟಿನ ವೈರಿನ ಮೂಲಕ ಸ್ಟೇಷನ್ನಿಗೆ ಬರುವ ಗದ್ದಲವನ್ನು (ಸಿಗ್ನಲನ್ನು ಮುಚ್ಚುವ ಬೇಡದ ವಿದ್ಯುತ್ ಸದ್ದು) ಮಾತ್ರ. ಮನೆಯ ವೈರಿಂಗು ಗೋಡೆಯುದ್ದಕ್ಕೂ ಹರಡಿದ ಒಂದು ಆಂಟೆನಾ ಇದ್ದ ಹಾಗೆ. ಎಲ್‌ಇಡಿ ದೀಪ, ಚಾರ್ಜರು, ಸೋಲಾರ್ ಇನ್ವರ್ಟರು ಇವುಗಳ ಗದ್ದಲ ಆ ವೈರುಗಳಿಂದ ಗಾಳಿಗೆ ಹಾರಿ, ನಿಮ್ಮ ಆಂಟೆನಾಕ್ಕೆ ತಗಲಿ, ಕೋಆಕ್ಸ್ (ಆಂಟೆನಾದಿಂದ ಬರುವ ಕವಚದ ಕೇಬಲ್) ಇಳಿದು ರಿಸೀವರಿಗೆ ಬರುತ್ತದೆ. ಈ ದಾರಿಯಲ್ಲಿ ಬಂದದ್ದನ್ನು ಎಷ್ಟೇ ದೊಡ್ಡ ಕಂಡೀಷನರ್ ಇಟ್ಟರೂ ನಿಲ್ಲಿಸಲು ಆಗುವುದಿಲ್ಲ. ನಾನು ಮೊದಲ ಪೆಟ್ಟಿಗೆಯನ್ನು ಇಟ್ಟಾಗ 40 ಮೀಟರ್ ಬ್ಯಾಂಡಿನಲ್ಲಿ ಗದ್ದಲ ತೋರಿಸುವ ಮೀಟರಿನ ಸೂಜಿ ಒಂದು ಚೂರೂ ಕೆಳಗೆ ಇಳಿಯಲಿಲ್ಲ. ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡು ಎರಡು ವಾರ ಅದರ ಹಿಂದೆ ಬಿದ್ದೆ. ಕೊನೆಗೆ ಗೊತ್ತಾಯಿತು, ಗದ್ದಲ ಮಾಡುತ್ತಿದ್ದದ್ದು ಪಕ್ಕದ ಕೋಣೆಯ ಒಂದು ಚಾರ್ಜರು, ಬರುತ್ತಿದ್ದದ್ದು ಆಂಟೆನಾದಿಂದ.

ಇನ್ನೊಂದು ದಾರಿಯೂ ಇದೆ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ವೈರುಗಳ ಮೇಲೆ ಒಟ್ಟಿಗೆ, ಒಂದೇ ದಿಕ್ಕಿನಲ್ಲಿ ಹರಿಯುವ ಗದ್ದಲ ಪವರ್ ಸಪ್ಲೈ ದಾಟಿ ರಿಗ್ಗಿನ (ಸಿಗ್ನಲ್ ಕಳಿಸುವ, ಕೇಳುವ ರೇಡಿಯೋ) ಚಾಸಿಗೆ, ಅಂದರೆ ಲೋಹದ ಮೈಗೆ, ಬರುತ್ತದೆ. ಅಲ್ಲಿಂದ ಕೋಆಕ್ಸಿನ ಹೊರ ಕವಚದ ಮೇಲೆ ಹತ್ತಿ ಆಂಟೆನಾದ ಕಡೆಗೆ ಹೋಗುತ್ತದೆ. ಆಂಟೆನಾಕ್ಕೂ ಕೋಆಕ್ಸಿಗೂ ನಡುವೆ ಕೂರುವ ಬಾಲನ್ ಸರಿಯಿಲ್ಲದಿದ್ದರೆ ಅದೇ ಸಿಗ್ನಲ್ ಆಗಿ ವಾಪಸ್ ಒಳಗೆ ಬರುತ್ತದೆ. ಕಂಡೀಷನರು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಪರೀಕ್ಷೆ ಕಷ್ಟವಿಲ್ಲ. ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ. ಕಂಪ್ಯೂಟರು, ಯುಎಸ್‌ಬಿ, ಬೇರೆ ಯಾವ ವೈರೂ ಬೇಡ, ಆಂಟೆನಾ ಮಾತ್ರ ಇರಲಿ. 1.8, 3.5, 7, 14, 21, 28 ಮೆಗಾಹರ್ಟ್ಸ್‌ಗಳಲ್ಲಿ ಸಿಗ್ನಲ್ ಇಲ್ಲದ ಜಾಗದಲ್ಲಿ ನಿಂತು ಮೀಟರ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ಅದೇ ರಿಗ್ಗನ್ನು ಮಾಮೂಲಿ ಪವರ್ ಸಪ್ಲೈಗೆ ಹಾಕಿ ಮತ್ತೆ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ಕರೆಂಟಿನ ವೈರು ತಂದ ಗದ್ದಲ. ಮೀಟರಿನ ಒಂದು ಎಸ್ ಯೂನಿಟ್ ಅಂದರೆ 6 ಡಿಬಿ ಅಂತ ಲೆಕ್ಕ. ಎರಡೂ ಒಂದೇ ಇದ್ದರೆ ಕಂಡೀಷನರಿಂದ ರಿಸೀವಿಂಗ್ ಸುಧಾರಿಸುವುದಿಲ್ಲ. ಆಗ ಬ್ಯಾಟರಿಯಲ್ಲೇ ಕೇಳುತ್ತಾ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಗದ್ದಲ ದಡ್ ಅಂತ ಬಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ವಾಟರ್‌ಫಾಲ್ (ಸಿಗ್ನಲ್ಲುಗಳ ಚಿತ್ರ) ತೋರಿಸುವ ರಿಸೀವರ್ ಇದ್ದರೆ ಇನ್ನೂ ಒಳ್ಳೆಯದು. ಸ್ವಿಚಿಂಗ್ ಸಪ್ಲೈಗಳ ಗದ್ದಲ ಅದರಲ್ಲಿ ಸಮ ದೂರದ ಗೆರೆಗಳಾಗಿ ಕಾಣುತ್ತದೆ, ಕಿವಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗುತ್ತದೆ.

ಗದ್ದಲವಲ್ಲದೆ ವೋಲ್ಟೇಜ್ ಏರಿಳಿತ, ಆಗಾಗ ಬರುವ ಸರ್ಜು ಇವೂ ನಿಮ್ಮ ತೊಂದರೆ ಆಗಿದ್ದರೆ ಮೇಲಿನ ಪರೀಕ್ಷೆ ಏನೇ ಹೇಳಲಿ, ಕಂಡೀಷನರ್ ಬೇಕಾಗಬಹುದು. ಆದರೆ ಯಾವ ಬಗೆಯದು ಅನ್ನುವುದು ಮುಖ್ಯ.

ಪೆಟ್ಟಿಗೆಯೊಳಗೆ ಏನಿದೆ

ಹೆಸರು ಒಂದೇ ಆದರೂ ಒಳಗಿರುವುದು ಬೇರೆ ಬೇರೆ. ಗುಜರಿಯಲ್ಲಿ ಸಿಗುವವು ಹೆಚ್ಚಾಗಿ ಮೂರು ಬಗೆ.

ಮೊದಲನೆಯದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವಂಥದ್ದು. ಒನಿಯಾಕ್, ಟೋಪಾಜ್, ಪವರ್‌ವಾರ್ ಹೆಸರಿನ ಪೆಟ್ಟಿಗೆಗಳಲ್ಲಿ ಬಹಳಷ್ಟು ಈ ಜಾತಿಯವು. ಪ್ರೈಮರಿ, ಸೆಕೆಂಡರಿ ವೈಂಡಿಂಗುಗಳ ನಡುವೆ ತಾಮ್ರದ ತೆಳು ಹಾಳೆಯ ತಡೆ ಇರುತ್ತದೆ, ಅದನ್ನು ಅರ್ಥಿಗೆ ಸೇರಿಸಿರುತ್ತಾರೆ. ಸಾಮಾನ್ಯ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ವೈಂಡಿಂಗುಗಳ ನಡುವಿನ ಕೆಪಾಸಿಟೆನ್ಸ್ ನೂರಾರು ಪಿಕೋಫ್ಯಾರಡ್ ಇರುತ್ತದೆ, ಗದ್ದಲ ಅದರ ಮೂಲಕ ಸಲೀಸಾಗಿ ದಾಟುತ್ತದೆ. ಒಳ್ಳೆಯ ತಡೆ ಇದ್ದರೆ ಅದು ಒಂದು ಪಿಕೋಫ್ಯಾರಡಿಗಿಂತ ಎಷ್ಟೋ ಕಡಿಮೆಯಾಗುತ್ತದೆ. ಇದರ ಜೊತೆಗೆ ಸರ್ಜ್ ತಡೆಯುವ ಎಂಒವಿ, ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರು ಇರುತ್ತವೆ. ವೋಲ್ಟೇಜನ್ನು ಇದು ಸರಿಪಡಿಸುವುದಿಲ್ಲ, ಒಳಗೆ 200 ಬಂದರೆ ಹೊರಗೂ ಹೆಚ್ಚುಕಡಿಮೆ 200. ಆದರೆ ಹ್ಯಾಮ್ ಸ್ಟೇಷನ್ನಿಗೆ ನನ್ನ ಮೊದಲ ಆಯ್ಕೆ ಇದೇ.

ಎರಡನೆಯದು ಫೆರೋರೆಸೊನೆಂಟ್, ಅಂದರೆ ಸಿವಿಟಿ (ವೋಲ್ಟೇಜನ್ನು ಸ್ಥಿರವಾಗಿಡುವ ಟ್ರಾನ್ಸ್‌ಫಾರ್ಮರ್). 1938ರಲ್ಲಿ ಅಮೆರಿಕದ ಜೋಸೆಫ್ ಸೋಲಾ ಕಂಡುಹಿಡಿದದ್ದು, ಸೋಲಾ ಅನ್ನುವ ಹೆಸರು ಇವತ್ತಿಗೂ ಈ ಪೆಟ್ಟಿಗೆಗಳ ಮೇಲೆ ಕಾಣುತ್ತದೆ. ಇದರಲ್ಲಿ ಒಂದು ವೈಂಡಿಂಗ್ ದೊಡ್ಡ ಕೆಪಾಸಿಟರಿನ ಜೊತೆ ರೆಸೊನೆನ್ಸಿನಲ್ಲಿ ನಿಂತು, ಕಬ್ಬಿಣದ ಕೋರಿನ ಆ ಭಾಗ ಯಾವಾಗಲೂ ಸ್ಯಾಚುರೇಷನ್ನಿನಲ್ಲಿ, ಅಂದರೆ ಇನ್ನು ಹೆಚ್ಚು ಅಯಸ್ಕಾಂತ ಬಲ ಹಿಡಿಯದ ಸ್ಥಿತಿಯಲ್ಲಿ, ಇರುತ್ತದೆ. ಹಾಗಾಗಿ ಒಳಗಿನ ವೋಲ್ಟೇಜ್ 15 ಶೇಕಡಾ ಮೇಲೆ ಕೆಳಗೆ ಆದರೂ ಹೊರಗಿನದು ಕೆಲವೇ ಶೇಕಡಾ ಅಲುಗುತ್ತದೆ. ಚಲಿಸುವ ಭಾಗ ಒಂದೂ ಇಲ್ಲ, ಎಲೆಕ್ಟ್ರಾನಿಕ್ಸೂ ಇಲ್ಲ. ಗದ್ದಲವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಬಿಸಿ, ಗುಂಯ್ ಅನ್ನುವ ಸದ್ದು, ಸುತ್ತಲೂ ಹರಡುವ ಅಯಸ್ಕಾಂತ ಕ್ಷೇತ್ರ ಇವೂ ಅದರ ಜೊತೆಗೇ ಬರುತ್ತವೆ.

ಮೂರನೆಯದು ಟ್ಯಾಪ್ (ವೈಂಡಿಂಗಿನ ನಡುವಿನಿಂದ ಹೊರತೆಗೆದ ವೈರು) ಬದಲಿಸುವಂಥದ್ದು. ಒಂದು ಆಟೋಟ್ರಾನ್ಸ್‌ಫಾರ್ಮರ್, ಅದರ ಟ್ಯಾಪುಗಳನ್ನು ಬದಲಿಸಲು ರಿಲೇ ಅಥವಾ ಟ್ರಯಾಕ್, ಅವನ್ನು ಆಳಲು ಒಂದು ಸರ್ಕ್ಯೂಟ್. ಹಗುರ, ತಣ್ಣಗಿರುತ್ತದೆ. ಇದರಲ್ಲಿ ಐಸೊಲೇಷನ್ ಇಲ್ಲ, ನ್ಯೂಟ್ರಲ್ ನೇರವಾಗಿ ಹಾದುಹೋಗುತ್ತದೆ. ಹ್ಯಾಮ್ ಕೆಲಸಕ್ಕೆ ಇದು ಕಡೆಯ ಆಯ್ಕೆ, ಕಾರಣ ಮುಂದೆ ಹೇಳುತ್ತೇನೆ.

ಬಿಚ್ಚದೆ ಗುರುತಿಸುವುದು ಹೇಗೆ? ತನ್ನ ಸಾಮರ್ಥ್ಯಕ್ಕೆ ಹಗುರವಾಗಿ, ಆನ್ ಮಾಡಿದ ಕೂಡಲೇ ಒಳಗೆ ಟಿಕ್ ಅಂದರೆ ಅದು ಟ್ಯಾಪ್ ಬಗೆ. ಲೋಡ್ ಇಲ್ಲದೆಯೂ ಬಿಸಿಯಾಗಿ ಗುಂಯ್‌ಗುಟ್ಟಿದರೆ ಸಿವಿಟಿ. ಭಾರವಿದ್ದೂ ಮೌನವಾಗಿದ್ದರೆ ಐಸೊಲೇಷನ್ ಬಗೆ.

ಹೆಸರು ಪಟ್ಟಿಯನ್ನು ಓದದೆ ತರಬೇಡಿ

ಪೆಟ್ಟಿಗೆಯ ಹಿಂದಿನ ತಗಡಿನ ಪಟ್ಟಿಯಲ್ಲಿ ಇನ್‌ಪುಟ್ ವೋಲ್ಟೇಜ್, ಔಟ್‌ಪುಟ್ ವೋಲ್ಟೇಜ್, ಹರ್ಟ್ಸ್, ವಿಎ (ವೋಲ್ಟ್ ಗುಣಿಸು ಆಂಪ್, ಪೆಟ್ಟಿಗೆ ತಾಳುವ ಲೋಡು) ಬರೆದಿರುತ್ತದೆ. ಹರ್ಟ್ಸನ್ನು ಎರಡು ಸಲ ಓದಿ. ಸಿವಿಟಿ ಆದರೆ ಅದರಲ್ಲಿ ಬರೆದ ಫ್ರೀಕ್ವೆನ್ಸಿಗೇ ಬಳಸಬೇಕು. 60 ಹರ್ಟ್ಸ್ ಸಿವಿಟಿಯನ್ನು 50 ಹರ್ಟ್ಸ್ ಲೈನಿಗೆ ಹಾಕಿದರೆ ರೆಸೊನೆನ್ಸ್ ತಪ್ಪುತ್ತದೆ, ಔಟ್‌ಪುಟ್ ತಪ್ಪಾಗಿ ಬರುತ್ತದೆ. ಫ್ರೀಕ್ವೆನ್ಸಿ ಒಂದು ಶೇಕಡಾ ಬದಲಾದರೆ ಔಟ್‌ಪುಟ್ ವೋಲ್ಟೇಜ್ ಒಂದೂವರೆ ಶೇಕಡಾದಷ್ಟು ಬದಲಾಗುತ್ತದೆ. ಅದಕ್ಕೇ ಹ್ಯಾಮ್‌ಗಳ ಬಯಲಿನ ಕೂಟವಾದ ಫೀಲ್ಡ್ ಡೇಗೆ ಒಯ್ಯುವ ಸಣ್ಣ ಜನರೇಟರಿನ ಹಿಂದೆ ಸಿವಿಟಿ ಇಡಬೇಡಿ. ಜನರೇಟರಿನ ವೇಗ ಲೋಡಿನ ಜೊತೆ ಏರಿಳಿಯುತ್ತದೆ, ಸಿವಿಟಿಯ ವೋಲ್ಟೇಜೂ ಅದರ ಜೊತೆ ಕುಣಿಯುತ್ತದೆ.

ಐಸೊಲೇಷನ್ ಬಗೆಯದಕ್ಕೆ ಸ್ವಲ್ಪ ಸಡಿಲ ಇದೆ, ಲೆಕ್ಕ ಮಾಡಿ ನೋಡಬೇಕು. ಕೋರು ತಾಳುವುದು ವೋಲ್ಟನ್ನು ಹರ್ಟ್ಸಿನಿಂದ ಭಾಗಿಸಿದ ಲೆಕ್ಕವನ್ನು. 240 ವೋಲ್ಟ್, 60 ಹರ್ಟ್ಸ್ ಅಂದರೆ 4. ಅದೇ ಟ್ರಾನ್ಸ್‌ಫಾರ್ಮರನ್ನು 230 ವೋಲ್ಟ್, 50 ಹರ್ಟ್ಸ್‌ಗೆ ಹಾಕಿದರೆ 4.6, ಅಂದರೆ 15 ಶೇಕಡಾ ಜಾಸ್ತಿ. ಕೋರು ಸ್ಯಾಚುರೇಟ್ ಆಗಿ ಸುಮ್ಮನೆ ಕೂತಿದ್ದಾಗಲೂ ಬಿಸಿಯಾಗಬಹುದು. ಉಲ್ಟಾ ದಿಕ್ಕಿನಲ್ಲಿ, 50 ಹರ್ಟ್ಸ್‌ನದ್ದನ್ನು 60ಕ್ಕೆ ಹಾಕಿದರೆ ತೊಂದರೆ ಇಲ್ಲ. 208 ವೋಲ್ಟಿನ ಪೆಟ್ಟಿಗೆಗಳೂ ಸಿಗುತ್ತವೆ, ಅವು ಮೂರು ಫೇಸಿನ ಕಟ್ಟಡಗಳಿಂದ ಬಂದವು. 208ರ ಟ್ಯಾಪಿಗೆ 240 ಕೊಟ್ಟರೂ ಅದೇ 15 ಶೇಕಡಾ ಕಥೆ. ಎಷ್ಟೋ ಪೆಟ್ಟಿಗೆಗಳ ಒಳಗೆ ಟ್ಯಾಪ್ ಬದಲಿಸುವ ಪಟ್ಟಿ ಇರುತ್ತದೆ, ಮುಚ್ಚಳದ ಒಳಬದಿಯಲ್ಲಿ ನಕ್ಷೆ ಅಂಟಿಸಿರುತ್ತಾರೆ, ನೋಡಿ.

ಎಷ್ಟು ವಿಎ ಬೇಕು

100 ವ್ಯಾಟಿನ ರಿಗ್ ಕೀ ಒತ್ತಿದಾಗ, ಅಂದರೆ ಸಿಗ್ನಲ್ ಕಳಿಸುವಾಗ, 13.8 ವೋಲ್ಟಿನಲ್ಲಿ ಸುಮಾರು 22 ಆಂಪ್ ಎಳೆಯುತ್ತದೆ, ಅಂದರೆ 300 ವ್ಯಾಟಿನ ಆಸುಪಾಸು. ಸ್ವಿಚಿಂಗ್ ಸಪ್ಲೈ ಆದರೆ ಗೋಡೆಯಿಂದ 350ರಿಂದ 370 ವ್ಯಾಟ್ ಬೇಕು. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಲೀನಿಯರ್ ಸಪ್ಲೈ ಆದರೆ 500 ದಾಟುತ್ತದೆ. ಕಂಪ್ಯೂಟರು, ಮಾನಿಟರು, ಮೀಟರುಗಳಿಗೆ ಇನ್ನೊಂದು 150–200 ಸೇರಿಸಿ. ಇಲ್ಲಿ ವ್ಯಾಟಿಗೂ ವಿಎಗೂ ಇರುವ ವ್ಯತ್ಯಾಸ ಮರೆಯಬಾರದು. ಡಯೋಡು ಮತ್ತು ದೊಡ್ಡ ಕೆಪಾಸಿಟರು ಇರುವ ಸಪ್ಲೈಗಳು ಅಲೆಯ ತುದಿಯಲ್ಲಿ ಮಾತ್ರ ಕರೆಂಟ್ ಎಳೆಯುತ್ತವೆ, ಪವರ್ ಫ್ಯಾಕ್ಟರ್ 0.6–0.7 ಇರುವುದು ಮಾಮೂಲು. ಹಾಗಾಗಿ 100 ವ್ಯಾಟಿನ ಸ್ಟೇಷನ್ನಿಗೆ 1 ಕೆವಿಎ ಪೆಟ್ಟಿಗೆ ಸರಿಯಾದ ಅಳತೆ. 500 ವಿಎಯದ್ದು ಎಸ್‌ಎಸ್‌ಬಿ ಮಾತುಕತೆಗೆ ಹೇಗೋ ನಡೆಯಬಹುದು, ಎಫ್‌ಟಿ8 ಅಥವಾ ಆರ್‌ಟಿಟಿವೈ ಅನ್ನುವ ಅಕ್ಷರ ಕಳಿಸುವ ಬಗೆಗಳ ಥರ ನಿಲ್ಲದೆ ಕೀ ಒತ್ತುವ ಕೆಲಸಕ್ಕೆ ಬಳಲುತ್ತದೆ.

ಸಿಗ್ನಲಿನ ಬಲ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರನ್ನು ಇದರ ಮೇಲೆ ಹಾಕಬೇಡಿ. 1500 ವ್ಯಾಟ್ ಹೊರಗೆ ಬಿಡುವ ಆಂಪ್ಲಿಫೈಯರು 2500 ವ್ಯಾಟಿನ ಹತ್ತಿರ ಎಳೆಯುತ್ತದೆ, ಅದೂ ಮಾತಿನ ಲಯಕ್ಕೆ ತಕ್ಕಂತೆ ಏರಿಳಿಯುತ್ತಾ. ಸಿವಿಟಿಯ ಔಟ್‌ಪುಟ್ ಒಂದೂವರೆ, ಎರಡು ಪಟ್ಟು ಕರೆಂಟಿನ ಆಚೆಗೆ ತಾನಾಗೇ ಕುಸಿಯುತ್ತದೆ. ಇದು ಅದರ ಗುಣ, ಶಾರ್ಟ್ ಆದರೂ ಸುಡುವುದಿಲ್ಲ. ಆದರೆ ಆಂಪ್ಲಿಫೈಯರಿನ ಕೆಳಗೆ ಹೀಗೆ ಕುಸಿದರೆ ಸಿಗ್ನಲ್ ಹಾಳಾಗುತ್ತದೆ. ಆಂಪ್ಲಿಫೈಯರಿಗೆ ಮೇನ್ ಬೋರ್ಡಿನಿಂದ ದಪ್ಪ ವೈರಿನ ಪ್ರತ್ಯೇಕ ಲೈನ್ ಎಳೆಯುವುದೇ ಸರಿ. ಕಂಡೀಷನರಿನ ಮೇಲೆ ರಿಗ್ಗು, ಕಂಪ್ಯೂಟರು, ಅಳತೆಯ ಉಪಕರಣ ಇರಲಿ. ಆಂಟೆನಾ ತಿರುಗಿಸುವ ರೋಟೇಟರನ್ನೂ ಹೊರಗೇ ಇಡಿ, ಮೋಟಾರು ತಿರುಗಲು ಶುರುವಾಗುವಾಗ ಎಳೆಯುವ ಕರೆಂಟ್ ಜಾಸ್ತಿ.

ಸಿವಿಟಿಯ ಇನ್ನೊಂದು ಗುಣ ಬಹಳ ಜನರನ್ನು ಗೊಂದಲಕ್ಕೆ ಬೀಳಿಸುತ್ತದೆ. ಹಳೇ ಸಿವಿಟಿಗಳ ಅಲೆ ಸೈನ್ ಅಲ್ಲ, ತಲೆ ಚಪ್ಪಟೆ. ಮೀಟರಿನಲ್ಲಿ 230 ಸರಿಯಾಗಿ ತೋರಿಸುತ್ತದೆ, ಆದರೆ ಅಲೆಯ ತುದಿ ಇರಬೇಕಾದ 325 ವೋಲ್ಟಿಗೆ ಮುಟ್ಟುವುದಿಲ್ಲ. ಲೀನಿಯರ್ ಸಪ್ಲೈಯ ಕೆಪಾಸಿಟರು ತುಂಬುವುದು ತುದಿಯ ವೋಲ್ಟೇಜಿಗೆ. ಒಳಗೆ 20 ವೋಲ್ಟ್ ಇರಬೇಕಾದ ಕಡೆ 18 ಇದ್ದರೆ ಕೀ ಒತ್ತಿದಾಗ ರೆಗ್ಯುಲೇಟರಿಗೆ ಉಸಿರಾಡಲು ಜಾಗ ಉಳಿಯುವುದಿಲ್ಲ, ಗುಂಯ್ ಅನ್ನುವ ಹಮ್ ನಿಮ್ಮ ಟ್ರಾನ್ಸ್‌ಮಿಷನ್ನಿನ ಮೇಲೆ ಕೂತುಬಿಡುತ್ತದೆ. ವೋಲ್ಟೇಜ್ ಸರಿ ಮಾಡಲು ತಂದ ಪೆಟ್ಟಿಗೆಯಿಂದಲೇ ಸಪ್ಲೈ ಕುಗ್ಗಿದರೆ ಏನು ಪ್ರಯೋಜನ, ಅಲ್ವಾ? ಆದ್ದರಿಂದ ಪಟ್ಟಿಯಲ್ಲಿ ಹಾರ್ಮೋನಿಕ್ ನ್ಯೂಟ್ರಲೈಸ್ಡ್ ಅಥವಾ ಸೈನ್ ವೇವ್ ಔಟ್‌ಪುಟ್ ಅಂತ ಬರೆದಿರುವ ಸಿವಿಟಿಯನ್ನೇ ಹುಡುಕಿ. ಅಳೆಯುವಾಗ ಟ್ರೂ ಆರ್‌ಎಂಎಸ್ ಮೀಟರ್ ಬಳಸಿ, ಸಾಧಾರಣ ಮೀಟರು ಚಪ್ಪಟೆ ಅಲೆಯನ್ನು ಜಾಸ್ತಿ ತೋರಿಸುತ್ತದೆ. ಆಸಿಲೋಸ್ಕೋಪಿನಲ್ಲಿ ನೋಡುವುದಾದರೆ ಒಂದು ಸಣ್ಣ 9 ಅಥವಾ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿ ಅದರ ಸೆಕೆಂಡರಿಯಲ್ಲಿ ನೋಡಿ. ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಎಂದಿಗೂ ಮೇನ್ಸಿಗೆ ಕಚ್ಚಿಸಬೇಡಿ.

ಬಿಚ್ಚುವುದು, ಪರೀಕ್ಷಿಸುವುದು

ಮೇನ್ಸ್ ವೋಲ್ಟೇಜಿನ ಮೇಲೆ ಕೆಲಸ ಮಾಡಿ ಅಭ್ಯಾಸ ಇಲ್ಲದವರು ಈ ಭಾಗಕ್ಕೆ ಗೊತ್ತಿರುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಸಿವಿಟಿಯ ಕೆಪಾಸಿಟರಿನ ಮೇಲೆ ಓಡುವಾಗ 600 ವೋಲ್ಟಿನ ಆಸುಪಾಸು ಇರುವುದುಂಟು. ಮಾಮೂಲಾಗಿ ಅದು ವೈಂಡಿಂಗಿನ ಮೂಲಕವೇ ಖಾಲಿಯಾಗುತ್ತದೆ, ಆದರೆ ಎಲ್ಲಾದರೂ ವೈರು ಕಡಿದಿದ್ದರೆ ಹಾಗೇ ಉಳಿದಿರುತ್ತದೆ. ಮೊದಲು ಮೀಟರಿನಲ್ಲಿ ಅಳೆಯಿರಿ, ಇದ್ದರೆ ರೆಸಿಸ್ಟರ್ ಹಾಕಿ ಇಳಿಸಿ, ಆಮೇಲೆ ಕೈ ಹಾಕಿ.

ತುಂಬಾ ಹಳೇ ಪೆಟ್ಟಿಗೆಯಾದರೆ ಇನ್ನೊಂದು ವಿಷಯ. ಎಣ್ಣೆ ತುಂಬಿದ ಹಳೇ ಕೆಪಾಸಿಟರುಗಳಲ್ಲಿ ಪಿಸಿಬಿ ಅನ್ನುವ ವಿಷಕಾರಿ ಎಣ್ಣೆ ಇರುತ್ತಿತ್ತು. ಅಮೆರಿಕದಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಿದ್ದು 1979ರಲ್ಲಿ. ಅದಕ್ಕಿಂತ ಹಿಂದಿನ ಕೆಪಾಸಿಟರು ಜಿನುಗುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಆ ಪೆಟ್ಟಿಗೆಯನ್ನೇ ಬಿಟ್ಟುಬಿಡಿ. ಪಿಸಿಬಿ ಇಲ್ಲ ಅಂತ ಕೆಪಾಸಿಟರಿನ ಮೇಲೇ ಮುದ್ರಿಸಿದ್ದರೆ ನಿಶ್ಚಿಂತೆ.

ಒಳಗೆ ಸುಟ್ಟ ವಾಸನೆ, ಕಪ್ಪಾದ ಟರ್ಮಿನಲ್, ಒಣಗಿ ಬಿರುಕು ಬಿಟ್ಟ ವೈರು ಇವನ್ನು ಹುಡುಕಿ. ಸ್ಕ್ರೂಗಳನ್ನೆಲ್ಲ ಒಂದು ಸಲ ಬಿಗಿ ಮಾಡಿ, ವರ್ಷಗಟ್ಟಲೆ ನಡುಗಿ ಸಡಿಲಾಗಿರುತ್ತವೆ. ಎಂಒವಿಗಳನ್ನು ನೋಡದೆಯೂ ಬದಲಿಸಿ. ಪ್ರತಿ ಸರ್ಜು ತಿಂದಾಗಲೂ ಅವು ಒಂದಿಷ್ಟು ಸವೆಯುತ್ತವೆ, ಸವೆದ ಎಂಒವಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. 230 ವೋಲ್ಟ್ ಲೈನಿಗೆ 275 ವೋಲ್ಟ್ ಎಸಿ ಗುರುತಿನದು ಹಾಕಿ, 20ಡಿ431ಕೆ ಅಂದರೆ ಅದೇ. 120 ವೋಲ್ಟಿಗೆ 150 ವೋಲ್ಟಿನದು. ಪಕ್ಕದಲ್ಲಿ ಶಾಖಕ್ಕೆ ಕಡಿಯುವ ಥರ್ಮಲ್ ಫ್ಯೂಸ್ ಇರಲೇಬೇಕು. ಫಿಲ್ಟರಿನ ಕೆಪಾಸಿಟರ್ ಬದಲಿಸುವುದಾದರೆ ಫೇಸ್ ನ್ಯೂಟ್ರಲ್ ನಡುವೆ ಎಕ್ಸ್ ದರ್ಜೆ, ಅರ್ಥಿಗೆ ಹೋಗುವಲ್ಲಿ ವೈ ದರ್ಜೆ. ಇದರಲ್ಲಿ ರಾಜಿ ಬೇಡ, ಕೈಗೆ ಸಿಕ್ಕ ಸಾಧಾರಣ ಕೆಪಾಸಿಟರ್ ಹಾಕಿದರೆ ಶಾರ್ಟ್ ಆದ ದಿನ ಚಾಸಿಗೆ ಫೇಸ್ ಬಂದು ನಿಲ್ಲುತ್ತದೆ.

ಆಮೇಲೆ 500 ವೋಲ್ಟಿನ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರು) ಪ್ರೈಮರಿ ಮತ್ತು ಕೋರ್, ಸೆಕೆಂಡರಿ ಮತ್ತು ಕೋರ್, ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಅಳೆಯಿರಿ. ಅದಕ್ಕೂ ಮೊದಲು ಎಂಒವಿ, ಫಿಲ್ಟರ್ ಕೆಪಾಸಿಟರ್, ನ್ಯೂಟ್ರಲ್ ಅರ್ಥ್ ಕೊಂಡಿ ಎಲ್ಲವನ್ನೂ ಬಿಚ್ಚಿರಬೇಕು, ಇಲ್ಲದಿದ್ದರೆ ಅವು ತಪ್ಪು ಲೆಕ್ಕ ಕೊಡುತ್ತವೆ. ಒಳ್ಳೆಯ ಟ್ರಾನ್ಸ್‌ಫಾರ್ಮರು ನೂರಾರು ಮೆಗಾಓಮ್ ತೋರಿಸುತ್ತದೆ. ಶೆಡ್ಡಿನಲ್ಲಿ ಒದ್ದೆಯಾಗಿ ಬಿದ್ದಿದ್ದರೆ ಕಡಿಮೆ ಇರಬಹುದು, ಬೆಚ್ಚಗಿನ ಒಣ ಜಾಗದಲ್ಲಿ ಕೆಲವು ದಿನ ಇಟ್ಟು ಮತ್ತೆ ನೋಡಿ. 1 ಮೆಗಾಓಮಿಗಿಂತ ಕೆಳಗೇ ನಿಂತರೆ ಬಳಸಬೇಡಿ.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸಿನಲ್ಲಿ 100 ವ್ಯಾಟಿನ ಹಳೇ ಬಗೆಯ ತಂತಿ ಬಲ್ಬ್ ಹಾಕಿ. ಐಸೊಲೇಷನ್ ಬಗೆಯದಾದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗಬೇಕು. ಸಿವಿಟಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಲೋಡ್ ಇಲ್ಲದೆಯೂ ಅದು ಜಾಸ್ತಿ ಕರೆಂಟ್ ಎಳೆಯುವುದರಿಂದ ಬಲ್ಬು ಉರಿಯುತ್ತಲೇ ಇರುತ್ತದೆ. ಅದಕ್ಕೆ ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸಬಲ್ಲ ಟ್ರಾನ್ಸ್‌ಫಾರ್ಮರ್) ಬಳಸಿ ನಿಧಾನವಾಗಿ ಏರಿಸಿ. ಒಂದು ಹಂತದವರೆಗೆ ಔಟ್‌ಪುಟ್ ಕಡಿಮೆ ಇದ್ದು, ಆಮೇಲೆ ತಟ್ಟನೆ ಜಿಗಿದು ನಿಲ್ಲುತ್ತದೆ. ಆ ಜಿಗಿತ ರೆಸೊನೆನ್ಸ್ ಹಿಡಿದ ಗುರುತು. ಜಿಗಿಯಲೇ ಇಲ್ಲ, ಔಟ್‌ಪುಟ್ ಕಡಿಮೆಯೇ ಉಳಿಯಿತು ಅಂದರೆ ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಅದೇ ಮೈಕ್ರೋಫ್ಯಾರಡ್, ಅದೇ ಎಸಿ ವೋಲ್ಟೇಜಿನದ್ದೇ ಹಾಕಬೇಕು.

ಅರ್ಥ್ ಮತ್ತು ನ್ಯೂಟ್ರಲ್

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಹೊಸದೊಂದು ಲೈನ್ ಇದ್ದ ಹಾಗೆ. ಅದಕ್ಕೆ ಫೇಸ್ ನ್ಯೂಟ್ರಲ್ ಅಂತ ಹುಟ್ಟಿನಿಂದ ಇಲ್ಲ, ನಾವು ಒಂದು ತುದಿಯನ್ನು ಅರ್ಥಿಗೆ ಸೇರಿಸಿದಾಗ ಆ ತುದಿ ನ್ಯೂಟ್ರಲ್ ಆಗುತ್ತದೆ. ಕಾರ್ಖಾನೆಯಿಂದ ಬಂದ ಕಂಡೀಷನರುಗಳಲ್ಲಿ ಈ ಕೊಂಡಿಯನ್ನು ಒಳಗೇ ಹಾಕಿರುತ್ತಾರೆ. ಹಿಂದಿನ ಮಾಲೀಕರು ಏನೋ ಕಾರಣಕ್ಕೆ ಅದನ್ನು ಕಿತ್ತಿರಬಹುದು. ಪ್ಲಗ್ ಕಿತ್ತು, ಔಟ್‌ಪುಟ್ ಸಾಕೆಟ್ಟಿನ ನ್ಯೂಟ್ರಲ್ಲಿಗೂ ಅರ್ಥ್ ಪಿನ್ನಿಗೂ ನಡುವೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು.

ಕೊಂಡಿ ಇಲ್ಲದಿದ್ದರೆ ಎರಡು ತೊಂದರೆ. ಒಂದು, ಫೇಸು ಚಾಸಿಗೆ ತಗಲಿದರೂ ಫ್ಯೂಸು ಹಾರುವುದಿಲ್ಲ, ದೋಷ ಅಡಗಿ ಕೂತಿರುತ್ತದೆ, ಎರಡನೇ ದೋಷ ಬಂದ ದಿನ ಯಾರಿಗೋ ಶಾಕ್ ಹೊಡೆಯುತ್ತದೆ. ಎರಡು, ಗದ್ದಲ ಕಡಿಮೆಯಾಗುವುದೂ ಈ ಕೊಂಡಿಯಿಂದಲೇ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಬರುವ ಗದ್ದಲ ಆ ಬಿಂದುವಿನಲ್ಲಿ ಸೊನ್ನೆಯಾಗಿ ಮತ್ತೆ ಶುರುವಾಗುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಪೆಟ್ಟಿಗೆ ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತದೆ. ರಿಗ್ಗಿನ ಹತ್ತಿರ ಇಡಬೇಕು. ಮೇನ್ ಬೋರ್ಡಿನ ಪಕ್ಕ ಇಟ್ಟು ಅಲ್ಲಿಂದ 15 ಮೀಟರ್ ವೈರು ಎಳೆದರೆ ಅಷ್ಟು ಉದ್ದದಲ್ಲಿ ಗದ್ದಲ ಮತ್ತೆ ಹತ್ತಿಕೊಳ್ಳುತ್ತದೆ.

ಇನ್ನು ಆರ್‌ಸಿಡಿ. ಅರ್ಥಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಇದು. ಮನೆಯ ಬೋರ್ಡಿನಲ್ಲಿರುವ 30 ಮಿಲಿಆಂಪ್ ಆರ್‌ಸಿಡಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಆಚೆಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಆಚೆ ಬದಿಗೆ, ಕೊಂಡಿಯ ನಂತರ, ಇನ್ನೊಂದು ಆರ್‌ಸಿಡಿ ಮತ್ತು ಸರಿಯಾದ ಅಳತೆಯ ಎಂಸಿಬಿ ಹಾಕಿಸಿ. ಸಿವಿಟಿಯಲ್ಲಿ ಶಾರ್ಟ್ ಆದಾಗ ಕರೆಂಟ್ ಎರಡು ಪಟ್ಟಿಗಿಂತ ಹೆಚ್ಚು ಏರದೆ ಇರುವುದರಿಂದ ಎಂಸಿಬಿ ಬೇಗ ಬೀಳದಿರಬಹುದು, ಅಲ್ಲಿ ಆರ್‌ಸಿಡಿ ಇನ್ನೂ ಮುಖ್ಯ. ಇನ್‌ಪುಟ್ ಕಡೆಯ ಫಿಲ್ಟರಿನಿಂದ ಅರ್ಥಿಗೆ ಸೋರುವ ಅಲ್ಪ ಕರೆಂಟಿನಿಂದಲೇ ಮನೆಯ ಆರ್‌ಸಿಡಿ ಬೀಳುತ್ತಿದ್ದರೆ ಅರ್ಥ್ ಪಿನ್ ಕತ್ತರಿಸುವ ಯೋಚನೆ ಬೇಡವೇ ಬೇಡ. ಅರ್ಥ್ ಕಡಿದ ಕಂಡೀಷನರಿನ ಚಾಸಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ವೈರಿಂಗ್ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಈ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೆ ತೋರಿಸಿಯೇ ಮುಂದುವರಿಯಿರಿ.

ಆನ್ ಮಾಡಿದ ಕೂಡಲೇ ಎಂಸಿಬಿ ಬೀಳುವುದು ಬೇರೆ ಕಥೆ. ದೊಡ್ಡ ಟ್ರಾನ್ಸ್‌ಫಾರ್ಮರು, ಅದರಲ್ಲೂ ಟೊರಾಯ್ಡು, ಮೊದಲ ಕ್ಷಣ ತನ್ನ ಮಾಮೂಲಿ ಕರೆಂಟಿನ ಹತ್ತು ಪಟ್ಟಿಗೂ ಹೆಚ್ಚು ಎಳೆಯಬಹುದು. ಬಿ ಬಗೆಯ ಎಂಸಿಬಿ ಮೂರರಿಂದ ಐದು ಪಟ್ಟಿಗೇ ಬೀಳುತ್ತದೆ. ಸಿ ಅಥವಾ ಡಿ ಬಗೆಯದು ಹಾಕಿಸಬೇಕು, ಇಲ್ಲವೇ ಎನ್‌ಟಿಸಿ ಥರ್ಮಿಸ್ಟರ್ ಮತ್ತು ರಿಲೇ ಸೇರಿಸಿ ಮೆಲ್ಲಗೆ ಶುರುವಾಗುವ ಹಾಗೆ ಮಾಡಬೇಕು.

ಕೂರಿಸುವುದು

ಸಿವಿಟಿಯನ್ನು ಮೈಕು, ಆಡಿಯೋ ಟ್ರಾನ್ಸ್‌ಫಾರ್ಮರು, ಸೌಂಡ್ ಕಾರ್ಡ್ ಇಂಟರ್‌ಫೇಸುಗಳಿಂದ ಒಂದೆರಡು ಮೀಟರ್ ದೂರ ನೆಲದ ಮೇಲೆ ಇಡಿ. ಹಮ್ ಸಿಕ್ಕರೆ ಪೆಟ್ಟಿಗೆಯನ್ನು 90 ಡಿಗ್ರಿ ತಿರುಗಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಕೆಳಗೆ ದಪ್ಪ ರಬ್ಬರು, ಸುತ್ತ ಗಾಳಿಯಾಡಲು ಜಾಗ.

ಇನ್‌ಪುಟ್ ವೈರನ್ನೂ ಔಟ್‌ಪುಟ್ ವೈರನ್ನೂ ಒಟ್ಟಿಗೆ ಕಟ್ಟಬೇಡಿ. ಅಚ್ಚುಕಟ್ಟಾಗಿ ಕಾಣಲಿ ಅಂತ ಬಹಳ ಜನ ಮಾಡುವ ತಪ್ಪು ಇದು. ಪೆಟ್ಟಿಗೆ ತಡೆದ ಗದ್ದಲ ಆ ಕಟ್ಟಿನಲ್ಲಿ ಒಂದು ವೈರಿನಿಂದ ಇನ್ನೊಂದಕ್ಕೆ ಹಾರಿ ಒಳಗೆ ಬರುತ್ತದೆ. ಒಂದು ಬದಿಯಿಂದ ಒಳಗೆ, ಇನ್ನೊಂದು ಬದಿಯಿಂದ ಹೊರಗೆ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ. ಹೊಸದಾಗಿ ಫಿಲ್ಟರ್ ಕೂರಿಸುವುದಾದರೆ ಅದರ ಲೋಹದ ಮೈ ಪೆಟ್ಟಿಗೆಯ ತಗಡಿಗೆ ನೇರವಾಗಿ ಅಂಟಬೇಕು, ಆ ಜಾಗದ ಬಣ್ಣ ಕೆರೆದು ತೆಗೆಯಿರಿ. ಉದ್ದನೆಯ ಅರ್ಥ್ ವೈರಿಗೆ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಬೆಲೆ ಇಲ್ಲ.

ಟ್ರಾನ್ಸ್‌ಫಾರ್ಮರು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಚೆನ್ನಾಗಿ ತಡೆಯುತ್ತದೆ, ಮೇಲೆ ಹೋದ ಹಾಗೆ ಫೆರೈಟ್ ಉಂಗುರ ಬೇಕು. ಔಟ್‌ಪುಟ್ ವೈರನ್ನು, ಮೂರೂ ಕಂಡಕ್ಟರು ಸೇರಿಸಿ, ಎಫ್‌ಟಿ240-31 ಉಂಗುರದ ಮೇಲೆ ಏಳೆಂಟು ಸುತ್ತು ಸುತ್ತಿ. 31ನೇ ನಂಬರಿನ ಫೆರೈಟ್ ಮಿಶ್ರಣ ಎಚ್‌ಎಫ್ ಬ್ಯಾಂಡುಗಳಿಗೆ ಬಹಳ ಒಳ್ಳೆಯದು. ರಿಗ್ಗಿನ ಹತ್ತಿರ ಕೋಆಕ್ಸಿಗೂ ಒಂದು ಹಾಕಿದರೆ ಮೊದಲು ಹೇಳಿದ ಆ ಇನ್ನೊಂದು ದಾರಿ ಎರಡೂ ತುದಿಯಲ್ಲಿ ಮುಚ್ಚುತ್ತದೆ.

ಟ್ಯಾಪ್ ಬದಲಿಸುವ ಪೆಟ್ಟಿಗೆ ಯಾಕೆ ಕಡೆಯ ಆಯ್ಕೆ ಅಂದರೆ, ನೀವು ಮಾತಾಡಿದಾಗ ಲೈನ್ ಸ್ವಲ್ಪ ಇಳಿಯುತ್ತದೆ, ರಿಲೇ ಮೇಲಿನ ಟ್ಯಾಪಿಗೆ ಹೋಗುತ್ತದೆ, ನಿಲ್ಲಿಸಿದಾಗ ವಾಪಸ್ ಬರುತ್ತದೆ, ಹೀಗೆ ಮಾತಿನ ಜೊತೆ ಟಿಕ್ ಟಿಕ್ ನಡೆಯುತ್ತಲೇ ಇರುತ್ತದೆ. ಅದಕ್ಕೂ ಮೀರಿ, ನೀವು ಕಳಿಸುವ ರೇಡಿಯೋ ಅಲೆಯೇ, ಅಂದರೆ ಆರ್‌ಎಫ್ ಅದರ ಸರ್ಕ್ಯೂಟಿಗೆ ನುಗ್ಗಿದರೆ ಅದು ವೋಲ್ಟೇಜನ್ನೇ ತಪ್ಪಾಗಿ ಓದುತ್ತದೆ. ಆಗಲೇ ಕೈಯಲ್ಲಿ ಇದ್ದರೆ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಫೆರೈಟ್ ಹಾಕಿ, ಡಮ್ಮಿ ಲೋಡಿನಲ್ಲೂ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಆಂಟೆನಾದಲ್ಲೂ ಕೀ ಒತ್ತಿ ಔಟ್‌ಪುಟ್ ನೋಡಿ. ಡಮ್ಮಿ ಲೋಡಿನಲ್ಲಿ ಸರಿ ಇದ್ದು ಆಂಟೆನಾದಲ್ಲಿ ಕುಣಿದರೆ ಅದು ಆರ್‌ಎಫ್ ಕಾಟ.

ಸಿಡಿಲಿನ ವಿಷಯದಲ್ಲಿ ಈ ಪೆಟ್ಟಿಗೆಯನ್ನೇ ನಂಬಿ ಕೂರಬೇಡಿ. ಕಂಡೀಷನರು ನೋಡಿಕೊಳ್ಳುವುದು ಕರೆಂಟಿನ ಬಾಗಿಲನ್ನು ಮಾತ್ರ. ಕೋಆಕ್ಸು, ರೋಟೇಟರ್ ವೈರು, ನೆಟ್‌ವರ್ಕ್ ವೈರು ಬೇರೆ ಬಾಗಿಲುಗಳು. ಒಂದರ ಅರ್ಥ್ ಇಲ್ಲಿ, ಇನ್ನೊಂದರದು ಅಲ್ಲಿ ಇದ್ದರೆ ಸಿಡಿಲಿನ ಹೊತ್ತಿಗೆ ಎರಡರ ನಡುವೆ ಸಾವಿರಾರು ವೋಲ್ಟ್ ನಿಲ್ಲುತ್ತದೆ, ಅದು ಹಾಯುವುದು ನಿಮ್ಮ ರಿಗ್ಗಿನ ಮೂಲಕ. ಎಲ್ಲ ವೈರುಗಳೂ ಒಳಗೆ ಬರುವ ಕಡೆ ಒಂದೇ ತಾಮ್ರದ ತಗಡು ಇರಲಿ. ಕೋಆಕ್ಸಿನ ಅರೆಸ್ಟರು (ಸಿಡಿಲಿನ ತಡೆ), ಕಂಡೀಷನರಿನ ಚಾಸಿ, ರಿಗ್ಗಿನ ಚಾಸಿ ಎಲ್ಲ ಅದಕ್ಕೇ ಸೇರಲಿ, ಅದು ಮನೆಯ ಅರ್ಥ್ ರಾಡಿಗೆ ದಪ್ಪ ವೈರಿನಿಂದ ಸೇರಲಿ. ಗುಡುಗು ಕೇಳುವ ಮೊದಲೇ ಕೋಆಕ್ಸ್ ಮತ್ತು ಕಂಡೀಷನರಿನ ಇನ್‌ಪುಟ್ ಪ್ಲಗ್ಗು ಎರಡನ್ನೂ ಕೀಳಿ.

ಎಲ್ಲ ಆದ ಮೇಲೆ ಮೊದಲು ಬರೆದಿಟ್ಟ ಪಟ್ಟಿ ತೆಗೆದು, ಅದೇ ಬ್ಯಾಂಡುಗಳಲ್ಲಿ, ಸಾಧ್ಯವಾದರೆ ದಿನದ ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಬ್ಯಾಟರಿಯಲ್ಲಿ ಬಂದ ಅಂಕಿಗೆ ಹತ್ತಿರ ಬಂದಿದ್ದರೆ ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿದೆ. ಇನ್ನೂ ವ್ಯತ್ಯಾಸ ಇದ್ದರೆ ಕಂಪ್ಯೂಟರಿನ ಯುಎಸ್‌ಬಿ ವೈರನ್ನು ಮೊದಲು ಅನುಮಾನಿಸಿ.

1 ಕೆವಿಎ ಸಿವಿಟಿ ಸುಮ್ಮನೆ ಆನ್ ಇದ್ದರೂ 100 ವ್ಯಾಟಿನ ಹತ್ತಿರ ತಿನ್ನಬಹುದು, ದಿನವಿಡೀ ಬಿಟ್ಟರೆ ಎರಡೂವರೆ ಯೂನಿಟ್ಟಿನ ಹತ್ತಿರ. ಹಾಗಾಗಿ ಇನ್‌ಪುಟ್ ಕಡೆ ಕೈಗೆ ಸಿಗುವ ಒಂದು ಗಟ್ಟಿ ಸ್ವಿಚ್ ಹಾಕಿಡಿ. ಶುರು ಮಾಡುವಾಗ ಮೊದಲು ಕಂಡೀಷನರ್, ಆಮೇಲೆ ಪವರ್ ಸಪ್ಲೈ, ಕೊನೆಗೆ ರಿಗ್. ಮುಚ್ಚುವಾಗ ಇದರ ಉಲ್ಟಾ. ಮತ್ತೆ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ, ಯಾವ ಟ್ಯಾಪಿನಲ್ಲಿ ಇದೆ, ಎಂಒವಿ ಯಾವ ತಿಂಗಳು ಬದಲಿಸಿದಿರಿ, ನ್ಯೂಟ್ರಲ್ ಕೊಂಡಿ ಎಲ್ಲಿದೆ ಅಂತ ಬರೆದಿಡಿ. ಮುಂದೆ ಇದನ್ನು ತೆಗೆದುಕೊಂಡು ಹೋಗುವ ಹ್ಯಾಮಿಗೆ ಅದು ಬೇಕಾಗುತ್ತದೆ.